ಬೆಳವದ ಹಕ್ಕಿ, ಜಂತುಹುಳು ಮತ್ತು ಒಂದು ಯುದ್ಧ: ಪ್ರೊಫೆಸರ್ ಯುಜೀನ್ ಸ್ಲೆಡ್ಜ್ ಪ್ರಕರಣ

ಎರಡನೇ ಮಹಾಯುದ್ಧ ಮುಗಿದ ಹೊಸತು. ಅಮೆರಿಕದ ಅಲಬಾಮಾ ರಾಜ್ಯದಲ್ಲಿ ಆಬರ್ನ್ ಅಂತ ಒಂದು ಊರು. ಅಲ್ಲಿನ ಕಾಲೇಜಿಗೆ ಸೇರಲು ಸೈನ್ಯ ಬಿಟ್ಟು ಬಂದ ಹುಡುಗರೆಲ್ಲ ಬರುತ್ತಿದ್ದರು. ಸೈನ್ಯದಲ್ಲಿ ಏನಾದರೂ ಕಲಿತಿದ್ದರೆ ಅದನ್ನು ಕಾಲೇಜು ಲೆಕ್ಕಕ್ಕೆ ಹಿಡಿಯುತ್ತಿತ್ತು. ಕೌಂಟರಿನಲ್ಲಿದ್ದ ಯುವತಿ ಒಬ್ಬ ಸಣಕಲು ಹುಡುಗನನ್ನು ಒಂದೊಂದೇ ವಿಷಯ ಕೇಳುತ್ತಾ ಹೋದಳು. ಎಲ್ಲಕ್ಕೂ ಇಲ್ಲ ಅಂತಲೇ ಉತ್ತರ. ಹಾಗಾದರೆ ಮರೀನ್ ಪಡೆಯವರು (ಸಮುದ್ರದಿಂದ ದಡಕ್ಕೆ ಇಳಿದು ಹೋರಾಡುವ ಅಮೆರಿಕದ ಸೈನ್ಯ) ನಿಮಗೆ ಉಪಯೋಗಕ್ಕೆ ಬರುವಂಥದ್ದು ಏನನ್ನೂ ಕಲಿಸಲೇ ಇಲ್ಲವಾ ಅಂದಳು. ಆಗ ಆ ಹುಡುಗ ಹೇಳಿದ್ದು ಇಷ್ಟು: ಶತ್ರುವನ್ನು ಕೊಲ್ಲುವುದನ್ನು ಕಲಿಸಿದರು, ಹೇಗಾದರೂ ಜೀವ ಉಳಿಸಿಕೊಳ್ಳುವುದನ್ನು ಕಲಿಸಿದರು. ಅದು ನಿಮ್ಮ ಯಾವ ಪಾಠಕ್ಕೂ ಹೊಂದದಿದ್ದರೆ ನಾನೇನೂ ಮಾಡಲಾರೆ.

ಆ ಹುಡುಗ ಯುಜೀನ್ ಬಿ. ಸ್ಲೆಡ್ಜ್. ಮುಂದೆ ಇವರು ಜೀವಶಾಸ್ತ್ರದ ಪ್ರೊಫೆಸರ್ ಆದರು. ಅಲಬಾಮಾದ ಮಾಂಟೆವಾಲೊ ಎಂಬ ಚಿಕ್ಕ ಊರಿನ ಕಾಲೇಜಿನಲ್ಲಿ 1962ರಿಂದ 1990ರವರೆಗೆ ಪಾಠ ಹೇಳಿದರು. ನಡುವೆ, 1981ರಲ್ಲಿ, ಪೆಲೆಲಿಯು ಮತ್ತು ಓಕಿನಾವಾ ದ್ವೀಪಗಳಲ್ಲಿ ಜಪಾನಿಯರ ಜೊತೆ ನಡೆದ ಕದನಗಳ ಬಗ್ಗೆ ಒಂದು ಪುಸ್ತಕ ಬರೆದರು. ಕಾಲಾಳು ಸೈನಿಕ ಬರೆದ ಯುದ್ಧದ ನೆನಪುಗಳಲ್ಲಿ ಅದಕ್ಕೆ ಈಗಲೂ ಮೇಲಿನ ಜಾಗವಿದೆ.

ಅವರ ಯುದ್ಧದ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ. ನನ್ನನ್ನು ಹಿಡಿದಿಟ್ಟಿದ್ದು ನಡುವಿನ ಕಾಲ. 1946ರಲ್ಲಿ ಸೇವೆಯಿಂದ ಬಿಡುಗಡೆ ಆಯಿತು, ಪುಸ್ತಕ ಬಂದಿದ್ದು 1981ರಲ್ಲಿ. ಆ 35 ವರ್ಷ ಈ ಮನುಷ್ಯ ಹೇಗೆ ಬದುಕಿದರು? ರಾತ್ರಿಯೆಲ್ಲ ಕೆಟ್ಟ ಕನಸು ಬೀಳುತ್ತಿದ್ದವರು ಬೆಳಗ್ಗೆ ಎದ್ದು ತರಗತಿಗೆ ಹೋಗಿ ಕಪ್ಪೆಯ ಹೃದಯಕ್ಕೆ ಎಷ್ಟು ಕೋಣೆ ಅಂತ ಹೇಗೆ ಹೇಳಿಕೊಟ್ಟರು? ನಮ್ಮ ಕಡೆ ಇಂಥ ಸಂಕಟಕ್ಕೆ ಸಿಗುವ ಸಲಹೆ ಒಂದೇ, ಅದನ್ನೆಲ್ಲ ಮರೆತುಬಿಡಪ್ಪಾ ಅನ್ನುವುದು. ಸ್ಲೆಡ್ಜ್ ಅವರ ಬದುಕನ್ನು ಓದಿದಷ್ಟೂ ಆ ಸಲಹೆ ತಪ್ಪು ಅಂತ ನನಗೆ ಗಟ್ಟಿಯಾಗುತ್ತಾ ಬಂದಿದೆ. ಅವರು ಮರೆಯಲು ಹೋಗಲಿಲ್ಲ, ನೋಡುವುದನ್ನು ಕಲಿತರು. ಮೊದಲು ಹಕ್ಕಿಯನ್ನು, ಆಮೇಲೆ ಹುಳುವನ್ನು, ಕೊನೆಗೆ ಯುದ್ಧವನ್ನು.

ಡಾಕ್ಟರ ಮಗ

ಸ್ಲೆಡ್ಜ್ ಹುಟ್ಟಿದ್ದು 1923ರ ನವೆಂಬರ್ 4ರಂದು, ಅಲಬಾಮಾದ ಬಂದರು ಪಟ್ಟಣ ಮೊಬೀಲ್‌ನಲ್ಲಿ. ತಂದೆ ಡಾಕ್ಟರ್. ಅನುಕೂಲಸ್ಥ ಮನೆ. ಹುಡುಗನಿಗೆ ಕಾಡು ಸುತ್ತುವುದು, ತಂದೆಯ ಜೊತೆ ಬೇಟೆಗೆ ಹೋಗುವುದು ಅಂದರೆ ಪ್ರಾಣ. 1942ರ ಡಿಸೆಂಬರ್ 3ರಂದು, ಕಾಲೇಜಿನ ಮೊದಲ ವರ್ಷದಲ್ಲೇ, ಮರೀನ್ ಪಡೆಗೆ ಹೆಸರು ಕೊಟ್ಟರು. ಮಗ ಅಧಿಕಾರಿಯಾಗಲಿ ಅನ್ನುವುದು ಮನೆಯವರ ಆಸೆ. ಹಾಗಾಗಿ ಅಧಿಕಾರಿಗಳನ್ನು ತಯಾರು ಮಾಡುವ ಕೋರ್ಸಿಗೆಂದು ಜಾರ್ಜಿಯಾ ಟೆಕ್ ಸೇರಿದರು. ಅಲ್ಲಿದ್ದ 180 ಹುಡುಗರಲ್ಲಿ 90 ಮಂದಿ ಬೇಕೆಂದೇ ಫೇಲಾದರು. ಓದುತ್ತಾ ಕೂತರೆ ಯುದ್ಧ ಮುಗಿದುಹೋದೀತು ಅನ್ನುವ ಅವಸರ. ಆ 90ರಲ್ಲಿ ಸ್ಲೆಡ್ಜ್ ಕೂಡ ಒಬ್ಬರು.

ಅವರ ಪಾಲಿಗೆ ಬಂದಿದ್ದು ಒಂದನೇ ಮರೀನ್ ಡಿವಿಷನ್, ಐದನೇ ರೆಜಿಮೆಂಟಿನ ಕೆ ಕಂಪನಿ. 60 ಮಿಲಿಮೀಟರ್ ಮಾರ್ಟರ್, ಅಂದರೆ ಗುಂಡನ್ನು ಮೇಲಕ್ಕೆ ಹಾರಿಸಿ ದೂರ ಬೀಳಿಸುವ ಚಿಕ್ಕ ತೋಪಿನ ತಂಡದಲ್ಲಿ ಕೆಲಸ. 1944ರ ಸೆಪ್ಟೆಂಬರ್ 15ರಂದು ಪೆಲೆಲಿಯು ದ್ವೀಪದಲ್ಲಿ ಇಳಿದಾಗ ಅವರಿಗೆ ಇನ್ನೂ 20 ವರ್ಷ.

ಪೆಲೆಲಿಯು ಪೆಸಿಫಿಕ್ ಸಾಗರದ ಪಲಾವು ದ್ವೀಪಗಳಲ್ಲಿ ಒಂದು, ಒಂದು ಹೋಬಳಿಯಷ್ಟೂ ದೊಡ್ಡದಲ್ಲ. ಮೂರ್ನಾಲ್ಕು ದಿನದಲ್ಲಿ ಮುಗಿಸುತ್ತೇವೆ ಅಂತ ಡಿವಿಷನ್ ಮುಖ್ಯಸ್ಥ ಜನರಲ್ ರುಪರ್ಟಸ್ ಹೇಳಿದ್ದರು. ಹಿಡಿದಿದ್ದು ಎರಡು ತಿಂಗಳಿಗೂ ಜಾಸ್ತಿ. ನೆಲವೆಲ್ಲ ಹವಳದ ಬಂಡೆ. ಗುಂಡಿ ತೋಡೋಣ ಅಂದರೆ ಗುದ್ದಲಿ ಇಳಿಯುವುದಿಲ್ಲ. ಬಿಸಿಲು 46 ಡಿಗ್ರಿವರೆಗೂ ಏರುತ್ತಿತ್ತು. ಕುಡಿಯುವ ನೀರು ಬಂದಿದ್ದು ಎಣ್ಣೆಯ ಡ್ರಮ್ಮುಗಳಲ್ಲಿ. ಅವನ್ನು ಸರಿಯಾಗಿ ತೊಳೆದಿರಲಿಲ್ಲ. ಎಣ್ಣೆಯ, ತುಕ್ಕಿನ ವಾಸನೆಯ ಆ ನೀರನ್ನೇ ಹುಡುಗರು ಕುಡಿದರು, ಕುಡಿದು ವಾಂತಿ ಮಾಡಿಕೊಂಡರು. ಹೆಣಗಳನ್ನು ಹೂಳಲು ಮಣ್ಣೇ ಇಲ್ಲ. ಅವುಗಳ ಮೇಲೆ ಕೂತು ಕೊಬ್ಬಿದ ನೊಣಗಳು ಊಟದ ಡಬ್ಬಿಯ ಮೇಲೂ ಬಂದು ಕೂರುತ್ತಿದ್ದವು.

ಕೆ ಕಂಪನಿಯಲ್ಲಿ ಇಳಿದವರು ಸುಮಾರು 235 ಮಂದಿ. ಗಾಯವಿಲ್ಲದೆ ವಾಪಸಾದವರು 85. ಸ್ಲೆಡ್ಜ್ ತಂದೆಯಂತೆ ಗೌರವಿಸುತ್ತಿದ್ದ ಕ್ಯಾಪ್ಟನ್ ಆಂಡ್ರ್ಯೂ ಹಾಲ್ಡೇನ್ ಅಕ್ಟೋಬರ್ 12ರಂದು ಗುಂಡೇಟಿಗೆ ಸತ್ತರು. ಇಡೀ ಯುದ್ಧದಲ್ಲಿ ತನಗೆ ಅದಕ್ಕಿಂತ ದೊಡ್ಡ ದುಃಖ ಇರಲಿಲ್ಲ ಎಂದು ಸ್ಲೆಡ್ಜ್ ಬರೆದಿದ್ದಾರೆ. ಇಷ್ಟೆಲ್ಲ ತೆತ್ತು ಆ ದ್ವೀಪವನ್ನು ಹಿಡಿಯುವ ಅಗತ್ಯವಿತ್ತೇ ಅನ್ನುವ ಚರ್ಚೆ ಇತಿಹಾಸಕಾರರಲ್ಲಿ ಇಂದಿಗೂ ನಡೆಯುತ್ತಿದೆ. ಓದುತ್ತಾ ಹೋದಾಗ ಹೊಟ್ಟೆಯಲ್ಲಿ ಸಂಕಟವಾಗುವುದು ಇಲ್ಲಿಯೇ.

ಆಮೇಲೆ ಓಕಿನಾವಾ. 1945ರ ಏಪ್ರಿಲ್ 1ರಿಂದ ಜೂನ್ ಕೊನೆಯ ವಾರದವರೆಗೆ. ಪೆಲೆಲಿಯುವಿನಲ್ಲಿ ಬಂಡೆ, ಇಲ್ಲಿ ಕೆಸರು. ಮೇ ತಿಂಗಳ ಮಳೆಯಲ್ಲಿ ಹೆಣ, ಹುಳು, ಕೆಸರು ಎಲ್ಲ ಒಂದಾಗಿದ್ದ ಗುಡ್ಡದ ಮೇಲೆ ದಿನಗಟ್ಟಲೆ ಕೂರಬೇಕಾಯಿತು. ಹೊಸದಾಗಿ ಬಂದು ಸೇರಿದವರೂ ಸೇರಿ ಆ ಕಂಪನಿಯಲ್ಲಿ ಒಟ್ಟು 485 ಮಂದಿ ಇದ್ದರು. ಕೊನೆಗೆ ಉಳಿದವರು 50. ಅವರಲ್ಲಿ ಮೊದಲ ದಿನ ಇಳಿದಿದ್ದವರು ಬರೀ 26. ಸ್ಲೆಡ್ಜ್ ಮೈಗೆ ಒಂದು ಗಾಯವೂ ಆಗಿರಲಿಲ್ಲ.

ಎರಡು ಘಟನೆ

ಈ ಪ್ರಕರಣದ ಬೇರು ಯುದ್ಧಭೂಮಿಯ ಎರಡು ಘಟನೆಗಳಲ್ಲಿದೆ ಅಂತ ನನ್ನ ಲೆಕ್ಕ. ಎರಡನ್ನೂ ಅವರೇ ಬರೆದಿದ್ದಾರೆ, ತಮ್ಮನ್ನು ಸ್ವಲ್ಪವೂ ಉಳಿಸಿಕೊಳ್ಳದೆ ಬರೆದಿದ್ದಾರೆ.

ಮೊದಲನೆಯದು ಪೆಲೆಲಿಯುವಿನದು. ಸತ್ತ ಜಪಾನಿ ಸೈನಿಕರ ಬಾಯಿಂದ ಚಿನ್ನದ ಹಲ್ಲು ಕೀಳುವುದು ಅಲ್ಲಿ ಕೆಲವು ಮರೀನ್‌ಗಳ ಚಾಳಿಯಾಗಿತ್ತು. ಮೊದಮೊದಲು ಅದನ್ನು ಕಂಡು ಹೇಸಿದ ಸ್ಲೆಡ್ಜ್, ಕೆಲವು ವಾರ ಕಳೆದ ಮೇಲೆ ಒಂದು ದಿನ ತಾವೇ ಚಾಕು ತೆಗೆದು ಒಂದು ಹೆಣದ ಮೇಲೆ ಬಾಗಿದರು. ಆಗ ಭುಜದ ಮೇಲೆ ಒಂದು ಕೈ ಬಿತ್ತು. ಕಂಪನಿಯ ವೈದ್ಯಕೀಯ ಸಹಾಯಕ ಕ್ಯಾಸ್ವೆಲ್, ಎಲ್ಲರ ಬಾಯಲ್ಲಿ ಡಾಕ್. ಇಂಥ ಕೆಲಸ ಬೇಡ, ಮನೆಯವರಿಗೆ ಗೊತ್ತಾದರೆ ಏನಂದುಕೊಂಡಾರು ಅಂದರು. ನಮ್ಮಪ್ಪ ಡಾಕ್ಟರ್, ಅವರಿಗೆ ಇದು ಕುತೂಹಲ ಅನ್ನಿಸಬಹುದು ಅಂತ ಸ್ಲೆಡ್ಜ್ ಉತ್ತರ. ಕ್ಯಾಸ್ವೆಲ್ ಒಂದು ಕ್ಷಣ ಯೋಚಿಸಿ, ಹಾಗಲ್ಲ, ರೋಗಾಣು ಇರುತ್ತವೆ, ಜೋಪಾನ ಅಂದರು. ಹೌದಲ್ವಾ, ಅದು ಹೊಳೆಯಲೇ ಇಲ್ಲ ಅಂತ ಹುಡುಗ ಕೈ ಹಿಂದಕ್ಕೆಳೆದುಕೊಂಡ.

ಕ್ಯಾಸ್ವೆಲ್ ಅವರಿಗೆ ರೋಗಾಣುವಿನ ಚಿಂತೆ ಇರಲಿಲ್ಲ, ಈ ಹುಡುಗನ ಒಳಗಿನ ಮನುಷ್ಯ ಸಾಯಬಾರದು ಅನ್ನುವ ಚಿಂತೆ ಇತ್ತು. ಸ್ಲೆಡ್ಜ್‌ಗೆ ಅದು ಅರ್ಥವಾಗಿದ್ದು ತುಂಬಾ ಆಮೇಲೆ. ಆ ಹೊತ್ತಿನಲ್ಲಿ ಧರ್ಮದ ಮಾತು ನಾಟುತ್ತಿರಲಿಲ್ಲ, ಅಪ್ಪ ಅಮ್ಮನ ಹೆಸರೂ ನಾಟಲಿಲ್ಲ. ಡಾಕ್ಟರ ಮನೆಯ ಹುಡುಗನಿಗೆ ನಾಟಿದ್ದು ವಿಜ್ಞಾನದ ಒಂದು ಪುಟ್ಟ ಮಾತು. ಮುಂದೆ ಅವರನ್ನು ಕಾಪಾಡಿದ್ದೂ ಅದೇ ವಿಜ್ಞಾನ. ಇದನ್ನು ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಎರಡನೆಯದು ಓಕಿನಾವಾದ್ದು. ಒಂದು ಗುಡಿಸಲಿನಲ್ಲಿ ಮುದುಕಿಯೊಬ್ಬಳು ಸಿಕ್ಕಳು. ಹೊಟ್ಟೆಗೆ ಗಾಯವಾಗಿ ಕೊಳೆತಿತ್ತು. ಆಕೆ ಸ್ಲೆಡ್ಜ್ ಕೈಲಿದ್ದ ಬಂದೂಕಿನ ತುದಿಯನ್ನು ಹಿಡಿದು ತನ್ನ ಹಣೆಗೆ ಇಟ್ಟುಕೊಂಡು, ಕೊಂದುಬಿಡು ಅಂತ ಸನ್ನೆಯಲ್ಲೇ ಬೇಡಿದಳು. ಸ್ಲೆಡ್ಜ್ ಕೊಸರಿಕೊಂಡು ವೈದ್ಯಕೀಯ ಸಹಾಯಕನನ್ನು ಕರೆಯಲು ಓಡಿದರು. ಅವರಿಬ್ಬರೂ ವಾಪಸು ಬರುವಷ್ಟರಲ್ಲಿ ಗುಂಡಿನ ಸದ್ದು. ಇನ್ನೊಬ್ಬ ಮರೀನ್ ಆಕೆಯನ್ನು ಕೊಂದಿದ್ದ, ಬೇಡಿಕೊಂಡಳು ಅಂತ. ಅವನ ಮೇಲೆ ಇಬ್ಬರೂ ಸಿಟ್ಟಿನಿಂದ ಹರಿಹಾಯ್ದರು. ಆದರೆ ಮುದುಕಿ ಹೋಗಿಯಾಗಿತ್ತು.

ಇವನ್ನೆಲ್ಲ ಅವರು ನೆನಪಿನಿಂದ ಮಾತ್ರ ಬರೆದಿದ್ದಲ್ಲ. ಡೈರಿ ಇಟ್ಟುಕೊಳ್ಳುವುದಕ್ಕೆ ಸೈನ್ಯದಲ್ಲಿ ಅನುಮತಿ ಇರಲಿಲ್ಲ, ಶತ್ರುವಿನ ಕೈಗೆ ಸಿಕ್ಕೀತು ಅಂತ. ಸ್ಲೆಡ್ಜ್ ಬಳಿ ಜೇಬಿನಲ್ಲಿ ಹಿಡಿಯುವಷ್ಟು ಚಿಕ್ಕದೊಂದು ಬೈಬಲಿನ ಹೊಸ ಒಡಂಬಡಿಕೆ ಇತ್ತು. ಅದರೊಳಗೆ ತಾರೀಖು, ಹೆಸರು, ಏನಾಯಿತು ಅನ್ನುವ ಚೂರುಪಾರು ಟಿಪ್ಪಣಿಗಳನ್ನು ಗುಟ್ಟಾಗಿ ಬರೆದಿಟ್ಟುಕೊಂಡರು. ಜಾರ್ಜಿಯಾ ಟೆಕ್‌ನಲ್ಲಿ ಓದದೆ ಫೇಲಾದ ಹುಡುಗ ಗುಂಡಿನ ಮಳೆಯ ಕೆಳಗೆ ಕೂತು ಟಿಪ್ಪಣಿ ಬರೆದ!

ಮನೆಗೆ ಬಂದ ಮೇಲೆ

ಯುದ್ಧ ನಿಂತ ಮೇಲೆ ಚೀನಾದ ಬೀಜಿಂಗ್‌ನಲ್ಲಿ ಕೆಲವು ತಿಂಗಳು ಕಾವಲು ಕೆಲಸ. 1946ರ ಆರಂಭದಲ್ಲಿ ಮನೆ. ಆಗ ಅವರಿಗೆ 22.

ಮನೆಯಲ್ಲಿ ಎಲ್ಲವೂ ಇತ್ತು. ನಿದ್ದೆ ಒಂದು ಇರಲಿಲ್ಲ. ಕಣ್ಣು ಮುಚ್ಚಿದರೆ ಅದೇ ಗುಡ್ಡ, ಅದೇ ಕೆಸರು. ಬೆವತು ಎದ್ದು ಕೂರುತ್ತಿದ್ದರು. ಈ ಕಾಯಿಲೆಗೆ ಆಗ ಸರಿಯಾದ ಹೆಸರೂ ಇರಲಿಲ್ಲ. ಯುದ್ಧದ ದಣಿವು ಅನ್ನುತ್ತಿದ್ದರು, ವಿಶ್ರಾಂತಿ ತೆಗೆದುಕೊಂಡರೆ ಸರಿಹೋಗುತ್ತದೆ ಅನ್ನುವ ಹಾಗೆ. ಇವತ್ತು ನಾವು ಪಿಟಿಎಸ್‌ಡಿ (ದೊಡ್ಡ ಆಘಾತದ ನಂತರ ಕಾಡುವ ಮಾನಸಿಕ ಕಾಯಿಲೆ) ಅನ್ನುವುದನ್ನು ಅಮೆರಿಕದ ಮನೋವೈದ್ಯರು ತಮ್ಮ ಅಧಿಕೃತ ಪಟ್ಟಿಗೆ ಸೇರಿಸಿದ್ದು 1980ರಲ್ಲಿ. ಅಂದರೆ ಸ್ಲೆಡ್ಜ್ ತಮ್ಮ ಪುಸ್ತಕ ಮುಗಿಸುವ ಹೊತ್ತಿಗೆ.

ಒಂದು ದಿನ ತಂದೆಯ ಜೊತೆ ಬೆಳವದ ಹಕ್ಕಿಯ ಬೇಟೆಗೆ ಹೋದರು. ಯುದ್ಧಕ್ಕೆ ಮೊದಲು ಅವರಿಗೆ ಅದರಷ್ಟು ಖುಷಿಯ ಕೆಲಸ ಬೇರೆ ಇರಲಿಲ್ಲ. ಅವತ್ತು ಒಂದು ಹಕ್ಕಿ ಗಾಯಗೊಂಡು ಬಿತ್ತು, ಪೂರ್ತಿ ಸಾಯಲಿಲ್ಲ. ಅದನ್ನು ಕೈಯಾರೆ ಕೊಲ್ಲಬೇಕಾಯಿತು. ಆಮೇಲೆ ತಂದೆ ನೋಡುತ್ತಾರೆ, ಎರಡು ದ್ವೀಪ ಗೆದ್ದು ಬಂದ ಮಗ ಕೂತು ಅಳುತ್ತಿದ್ದಾನೆ. ಇನ್ನು ಯಾವ ಜೀವದ ನರಳಾಟವನ್ನೂ ನೋಡಲಾರೆ ಅಂತ ಸ್ಲೆಡ್ಜ್ ಹೇಳಿಕೊಂಡರು.

ಗಾಯಗೊಂಡ ಜೀವ, ಕೊಂದರೆ ಮುಕ್ತಿ ಅನ್ನುವ ಸ್ಥಿತಿ. ಓಕಿನಾವಾದ ಮುದುಕಿ ನಿಮಗೆ ನೆನಪಾದಳಾ? ಸ್ಲೆಡ್ಜ್ ಈ ಎರಡನ್ನೂ ಜೋಡಿಸಿ ಎಲ್ಲಾದರೂ ಹೇಳಿದ್ದು ನಾನು ಕಂಡಿಲ್ಲ. ಇದು ನನ್ನ ಊಹೆ. ಆದರೆ ಅಂದು ಕೊಸರಿಕೊಂಡು ಓಡಿದ ಕೈ ಇಲ್ಲಿ ಆ ಕೆಲಸ ಮಾಡಲೇಬೇಕಾಯಿತು, ಹಾಗಾಗಿ ಎದೆ ಒಡೆಯಿತು ಅಂತ ನನಗೆ ಬಲವಾಗಿ ಅನ್ನಿಸುತ್ತದೆ.

ಈ ಪ್ರಕರಣದಲ್ಲಿ ನಾನು ಅತಿ ಹೆಚ್ಚು ಗೌರವಿಸುವುದು ಆ ತಂದೆಯನ್ನು. ಮರೀನ್ ಆಗಿದ್ದವನು ಹಕ್ಕಿಗೆ ಅಳುತ್ತೀಯಾ ಅಂತ ಕೇಳಲಿಲ್ಲ. ಸುಮ್ನೆ ತಲೆ ಸವರಿ ಕಳಿಸಲೂ ಇಲ್ಲ. ಬೇಟೆ ಬಿಡು, ಹಕ್ಕಿ ನೋಡು ಅಂದರು. ಅದೇ ಕಾಡು, ಅದೇ ಬೆಳಗಿನ ಹೊತ್ತು, ಅದೇ ತಾಳ್ಮೆ. ಕೈಯಲ್ಲಿ ಬಂದೂಕು ಮಾತ್ರ ಇಲ್ಲ. ಮುಂದೆ ಸ್ಲೆಡ್ಜ್ ಸಂರಕ್ಷಣಾ ಇಲಾಖೆಯವರ ಜೊತೆ ಸೇರಿ ಹಕ್ಕಿಗಳ ಕಾಲಿಗೆ ಗುರುತಿನ ಬಳೆ ತೊಡಿಸುವ ಕೆಲಸಕ್ಕೂ ಹೋದರು. ಬೆಳವದ ಹಕ್ಕಿಗಾಗಿ ಅತ್ತವರು ಹಕ್ಕಿಗಳನ್ನು ಕೈಯಲ್ಲಿ ಹಿಡಿದು, ಬಳೆ ತೊಡಿಸಿ, ಮತ್ತೆ ಆಕಾಶಕ್ಕೆ ಬಿಟ್ಟರು.

ಓದು ಮಾತ್ರ ನೇರ ದಾರಿಯಲ್ಲಿ ಸಾಗಲಿಲ್ಲ. 1949ರಲ್ಲಿ ವ್ಯವಹಾರ ಆಡಳಿತದಲ್ಲಿ ಪದವಿ. ಆ ಕ್ಷೇತ್ರ ಅವರಿಗೆ ಹಿಡಿಸಲಿಲ್ಲ. 1952ರಲ್ಲಿ ಜೀನ್ ಅವರನ್ನು ಮದುವೆಯಾದರು. ಮತ್ತೆ ಆಬರ್ನ್‌ಗೆ ಹೋಗಿ 1955ರಲ್ಲಿ ಸಸ್ಯಶಾಸ್ತ್ರದ ಸ್ನಾತಕೋತ್ತರ ಪದವಿ, 1960ರಲ್ಲಿ ಫ್ಲೋರಿಡಾ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್. ಆಗ ವಯಸ್ಸು 36.

ಅವರು ಅಧ್ಯಯನಕ್ಕೆ ಆರಿಸಿಕೊಂಡಿದ್ದು ಗಿಡದ ಬೇರಿಗೆ ಹತ್ತುವ ಜಂತುಹುಳು. ಟೊಮೆಟೊ, ಬದನೆ, ಕಾಳುಮೆಣಸು ಬೆಳೆಯುವ ನಮ್ಮ ರೈತರಿಗೆ ಇದರ ಪರಿಚಯ ಚೆನ್ನಾಗಿದೆ. ಸೊರಗಿದ ಗಿಡವನ್ನು ಕಿತ್ತು ನೋಡಿದರೆ ಬೇರಿನ ತುಂಬಾ ಗಂಟು ಗಂಟು. ಅದನ್ನೇ ಬೇರುಗಂಟು ಅನ್ನುವುದು. ಹುಳು ಮಾತ್ರ ಬರಿಗಣ್ಣಿಗೆ ಕಾಣುವಂಥದ್ದಲ್ಲ. ಮಣ್ಣನ್ನು ನೀರಿನಲ್ಲಿ ಕದಡಿ, ಸೋಸಿ, ಸೂಕ್ಷ್ಮದರ್ಶಕದ ಕೆಳಗೆ ಗಂಟೆಗಟ್ಟಲೆ ಹುಡುಕಬೇಕು. ಬಾಲದ ಆಕಾರ, ಬಾಯಿಯ ಸೂಜಿಯ ಉದ್ದ ಅಳೆಯಬೇಕು. ಮನಸ್ಸು ಆ ಕಡೆ ಈ ಕಡೆ ಹೋದರೆ ಕೆಲಸ ಕೆಟ್ಟಿತು. ಹೀಗೆ ಒಂದರಲ್ಲೇ ಮುಳುಗಿರುವುದೇ ತಮ್ಮನ್ನು ಹಳೆಯ ನೆನಪುಗಳಿಂದ ಉಳಿಸಿತು ಅನ್ನುವುದು ಅವರ ನಂಬಿಕೆಯಾಗಿತ್ತು. ಓಕಿನಾವಾದ ಕೆಸರಿನಲ್ಲಿ ಹುಳುಗಳ ನಡುವೆ ಮಲಗಿದ್ದ ಮನುಷ್ಯ ಮಣ್ಣಿನ ಹುಳುವನ್ನೇ ಅಧ್ಯಯನಕ್ಕೆ ಹಿಡಿದದ್ದು ಕಾಕತಾಳೀಯವೂ ಇರಬಹುದು. ನನಗಂತೂ ಅದು ಧೈರ್ಯದ ಕೆಲಸವಾಗಿ ಕಾಣುತ್ತದೆ.

ಮಾಂಟೆವಾಲೊದಲ್ಲಿ ಅವರು ಪ್ರಾಣಿಶಾಸ್ತ್ರ, ಪಕ್ಷಿಶಾಸ್ತ್ರ, ಕಶೇರುಕಗಳ ಅಂಗರಚನೆ ಹೇಳಿಕೊಟ್ಟರು. 1970ರಲ್ಲಿ ಪೂರ್ಣ ಪ್ರೊಫೆಸರ್ ಆದರು. ಮಕ್ಕಳನ್ನು ಹೊರಗೆ ಕರೆದುಕೊಂಡು ಹೋಗಿ ಮಾದರಿ ಸಂಗ್ರಹಿಸುವ ಅವರ ಪಾಠಗಳು ವಿದ್ಯಾರ್ಥಿಗಳಿಗೆ ಅಚ್ಚುಮೆಚ್ಚು.

ಬರೆದದ್ದು

ಜೇಬಿನ ಟಿಪ್ಪಣಿಗಳು ಅಷ್ಟು ವರ್ಷ ಹಾಗೇ ಇದ್ದವು. ಬರೆಯಿರಿ ಅಂತ ಬೆನ್ನು ಹತ್ತಿದವರು ಹೆಂಡತಿ ಜೀನ್. ಮೊದಲಿಗೆ ಮನೆಯವರಿಗೆ, ಇಬ್ಬರು ಗಂಡುಮಕ್ಕಳಿಗೆ ತಿಳಿಯಲಿ ಅಂತ ಶುರು ಮಾಡಿದ್ದು. ಅಚ್ಚಾಗಿ ಬಂದಾಗ ಅವರಿಗೆ 57.

ಆ ಪುಸ್ತಕದ ಗದ್ಯವನ್ನು ಗಮನಿಸಿದರೆ ಬರೆದವರು ಯಾರು ಅಂತ ಗೊತ್ತಾಗುತ್ತದೆ. ಆವೇಶವಿಲ್ಲ, ಅಲಂಕಾರವಿಲ್ಲ. ಹೆಣ ಕೊಳೆಯುವ ಹಂತಗಳನ್ನು, ನೊಣದ ಹಾರಾಟವನ್ನು, ನಡುಗುವ ಕೈಯನ್ನು ಪ್ರಯೋಗಾಲಯದ ದಾಖಲೆಯಷ್ಟು ನಿಖರವಾಗಿ ಬರೆಯುತ್ತಾರೆ. ಶತ್ರುವಿನ ಬಗ್ಗೆ ತಮಗಿದ್ದ ದ್ವೇಷವನ್ನೂ ಮುಚ್ಚಿಡುವುದಿಲ್ಲ. ವರ್ಷಗಟ್ಟಲೆ ಹುಳುವನ್ನು ನೋಡಿ ಪಳಗಿದ ಕಣ್ಣು ಕೊನೆಗೆ ತನ್ನದೇ 20ನೇ ವಯಸ್ಸಿನ ಕಡೆ ತಿರುಗಿತು. ಮೊದಲ ವರ್ಷಗಳಲ್ಲೇ ಬರೆಯಲು ಕೂತಿದ್ದರೆ ಇದು ಆಗುತ್ತಿರಲಿಲ್ಲ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಎದೆ ಡವಗುಟ್ಟುತ್ತಾ ಬೆವರಿನಲ್ಲಿ ಎಚ್ಚರವಾಗುವ ರಾತ್ರಿಗಳು ಈಗ ನಿಂತಿವೆ, ಹಾಗಾಗಿ ನೋವಿದ್ದರೂ ಬರೆಯಬಲ್ಲೆ ಎಂಬರ್ಥದ ಮಾತನ್ನು ಅವರೇ ಮುನ್ನುಡಿಯಲ್ಲಿ ಹೇಳಿದ್ದಾರೆ. ಬರೆದಿದ್ದರಿಂದ ವಾಸಿಯಾಯಿತು ಅಂತ ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಇಲ್ಲಿ ಆಗಿದ್ದು ಉಲ್ಟಾ. ಮೊದಲು ಒಂದಷ್ಟು ವಾಸಿಯಾಯಿತು, ಆಮೇಲೆ ಬರೆದರು.

ಈ ಪ್ರಕರಣವನ್ನು ಎಲ್ಲರಿಗೂ ಅಳತೆಗೋಲು ಮಾಡಬಾರದು. ಅವರಿಗೆ ಡಾಕ್ಟರ್ ತಂದೆ ಇದ್ದರು. ಮೈಗೆ ಗಾಯವಾಗಿರಲಿಲ್ಲ. 1944ರ ಜೂನ್ 22ರಂದು ಸಹಿಯಾದ ಜಿ.ಐ. ಬಿಲ್ ಎಂಬ ಕಾನೂನು ಇತ್ತು. ಯುದ್ಧದಿಂದ ಬಂದವರ ಕಾಲೇಜು ಶುಲ್ಕವನ್ನು, ತಿಂಗಳ ಖರ್ಚನ್ನು ಸರ್ಕಾರವೇ ಕೊಡುತ್ತಿತ್ತು. 78 ಲಕ್ಷ ಜನ ಅದರಿಂದ ಓದಿದರು ಅಥವಾ ಕಸುಬು ಕಲಿತರು. ಆದರೆ ಅದೇ ಅಲಬಾಮಾದಿಂದ ಅದೇ ಯುದ್ಧಕ್ಕೆ ಹೋಗಿ ಬಂದ ಕಪ್ಪು ಜನರಿಗೆ ಆಬರ್ನ್ ಕಾಲೇಜಿನ ಬಾಗಿಲು ಮುಚ್ಚಿತ್ತು. ಅಲ್ಲಿ ಮೊದಲ ಕಪ್ಪು ವಿದ್ಯಾರ್ಥಿ ಕಾಲಿಟ್ಟಿದ್ದು 1964ರಲ್ಲಿ. ಅವರಲ್ಲೂ ಸ್ಲೆಡ್ಜ್ ಥರದವರು ಇದ್ದಿರಬೇಕಲ್ವಾ? ಅವರ ಹಕ್ಕಿಗಳು, ಅವರ ಹುಳುಗಳು ಎಲ್ಲಿ ಹೋದವು ಅಂತ ಯೋಚಿಸಿದರೆ ಬೇಜಾರಾಗುತ್ತದೆ.

ಕೊಡಗಿನಲ್ಲಿ, ಬೆಳಗಾವಿಯಲ್ಲಿ ನಿವೃತ್ತ ಸೈನಿಕರಿರುವ ಮನೆಗಳು ನಮ್ಮಲ್ಲೂ ಎಷ್ಟೋ ಇವೆ. ಆಗಸ್ಟ್ 15ಕ್ಕೆ ಶಾಲೆಗೆ ಕರೆದು ಹಾರ ಹಾಕಿ ಕಳಿಸುತ್ತೇವೆ. ಉಳಿದ ದಿನ ಅವರು ಏನನ್ನು ನೋಡುತ್ತಾ ಕೂರುತ್ತಾರೆ ಅಂತ ಕೇಳಿದವರು ಕಡಿಮೆ.

ಸ್ಲೆಡ್ಜ್ 1990ರಲ್ಲಿ ನಿವೃತ್ತರಾದರು. 2001ರ ಮಾರ್ಚ್ 3ರಂದು, 77ನೇ ವಯಸ್ಸಿನಲ್ಲಿ, ಕ್ಯಾನ್ಸರ್‌ನಿಂದ ತೀರಿಕೊಂಡರು. ಚೀನಾದ ದಿನಗಳ ಬಗ್ಗೆ ಬರೆದಿದ್ದ ಎರಡನೇ ಪುಸ್ತಕ ಅವರು ಹೋದ ಮೇಲೆ ಬಂತು. 2010ರಲ್ಲಿ ಟಿವಿ ಸರಣಿಯೊಂದು ಅವರ ಯುದ್ಧವನ್ನು ಜಗತ್ತಿಗೆಲ್ಲ ತೋರಿಸಿತು. ಅವರ ಕಾಗದಪತ್ರಗಳು ಈಗ ಆಬರ್ನ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿವೆ, ಕೌಂಟರಿನ ಆ ಯುವತಿಗೆ ಲೆಕ್ಕಕ್ಕೆ ಹಿಡಿಯಲು ಏನೂ ಸಿಗದಿದ್ದ ಅದೇ ಕಾಲೇಜಿನಲ್ಲಿ.

ಇನ್ನೊಂದು ಕಡೆಯೂ ಅವರ ಹೆಸರು ಉಳಿದಿದೆ. 1964ರಲ್ಲಿ ಗೋಲ್ಡನ್ ಎಂಬ ಇನ್ನೊಬ್ಬ ವಿಜ್ಞಾನಿಯ ಜೊತೆ ಸೇರಿ ಹುಲ್ಲಿನ ಬೇರಿಗೆ ಹತ್ತುವ ಹೊಸ ಜಂತುಹುಳುವೊಂದನ್ನು ಅವರು ವಿವರಿಸಿ, ಹೆಸರಿಟ್ಟರು. ಮುಂದೆ ಅದನ್ನು ಬೇರುಗಂಟಿನ ಹುಳುಗಳ ದೊಡ್ಡ ಗುಂಪಿಗೆ ಸೇರಿಸಿದರು, ಕುಲದ ಹೆಸರು ಬದಲಾಯಿತು. ಈಗ ಅದು ಮೆಲಾಯ್ಡೊಗೈನಿ ಗ್ರಾಮಿನಿಸ್. ಮೊದಲು ಗುರುತಿಸಿದವರ ಹೆಸರನ್ನು ಜೊತೆಗೇ ಬರೆಯುವುದು ಆ ಶಾಸ್ತ್ರದ ರೂಢಿ. ಹಾಗಾಗಿ ಎಲ್ಲೋ ಒಂದು ಹುಲ್ಲುಹಾಸು ಯಾಕೆ ಒಣಗುತ್ತಿದೆ ಅಂತ ಹುಡುಕುವವರು ಆ ಹುಳುವಿನ ಪೂರ್ತಿ ಹೆಸರು ಬರೆದಾಗ, ಪಕ್ಕದಲ್ಲಿ ಇಂದಿಗೂ ಬರೆಯುತ್ತಾರೆ: ಸ್ಲೆಡ್ಜ್ ಮತ್ತು ಗೋಲ್ಡನ್, 1964.